ಯಾವ ಗ್ಯಾಸ್ ಗೀಸರ್ ಎನ್ನುವ ಮೊದಲು, ಎಲ್ಲಿ ಹಾಕುತ್ತೀರಿ?

2023ರ ಜನವರಿ. ನಾವಾಗ ಬೆಂಗಳೂರಿನಲ್ಲಿ ಎರಡನೇ ಮಹಡಿಯ ಒಂದು ಬಾಡಿಗೆ ಮನೆಯಲ್ಲಿದ್ದೆವು. ಬಾತ್‌ರೂಮು ಐದಡಿ ಅಗಲ, ಏಳಡಿ ಉದ್ದ. ನಲ್ಲಿಯ ಮೇಲೆ, ತಲೆಯೆತ್ತರದಲ್ಲಿ ಗ್ಯಾಸ್ ಗೀಸರ್. ನಾವು ಮನೆಗೆ ಬರುವ ಮೊದಲೇ ಅಲ್ಲಿತ್ತು. ಊರಿಂದ ಅಮ್ಮ ಬಂದಿದ್ದರು. ಚಳಿಗಾಳಿ ಬಡಿಯುತ್ತದೆ ಎಂದು ವೆಂಟಿಲೇಟರ್‌ನ ಗಾಜಿನ ಪಟ್ಟಿಗಳ ನಡುವೆ ನಾನೇ ಹಳೇ ಪೇಪರ್ ಮಡಚಿ ಸಿಕ್ಕಿಸಿದ್ದೆ.

ಮೊದಲು ನಾನು ಸ್ನಾನ ಮಾಡಿದೆ. ಆಮೇಲೆ ಹೆಂಡತಿ. ಮೂರನೆಯವರು ಅಮ್ಮ. ಹೊರಗೆ ಕಾಫಿ ಕುಡಿಯುತ್ತಾ ಕೂತಿದ್ದ ನನಗೆ ಚೊಂಬಿನ ಸದ್ದು ನಿಂತದ್ದು ಗೊತ್ತಾಯಿತು. ನೀರು ಮಾತ್ರ ಬೀಳುತ್ತಲೇ ಇತ್ತು. ಕರೆದೆ, ಉತ್ತರ ಇಲ್ಲ. ಚಿಲಕ ಮುರಿದು ಒಳಗೆ ಹೋದಾಗ ಅಮ್ಮ ಗೋಡೆಗೊರಗಿ ಕೂತಿದ್ದರು, ಕಣ್ಣು ಅರ್ಧ ತೆರೆದಿತ್ತು. ಗೀಸರ್‌ನ ಪುಟ್ಟ ಗಾಜಿನ ಕಿಂಡಿಯಲ್ಲಿ ಉರಿ ನೀಲಿ ಇರಲಿಲ್ಲ. ಹಳದಿಯಾಗಿ, ಉದ್ದವಾಗಿ ಕುಣಿಯುತ್ತಿತ್ತು. ಆ ಹಳದಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಮ್ಮ ಹುಷಾರಾದರು. ಅವತ್ತಿನಿಂದ ಯಾರಾದರೂ "ಯಾವ ಗ್ಯಾಸ್ ಗೀಸರ್ ತಗೊಳ್ಳಲಿ?" ಎಂದು ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: "ಎಲ್ಲಿ ಹಾಕುತ್ತೀರಿ?" ಕಂಪನಿ, ಲೀಟರು, ಡಿಸ್‌ಪ್ಲೇ ಎಲ್ಲಾ ಆಮೇಲಿನ ಮಾತು. ಜಾಗ ಸರಿ ಇಲ್ಲದಿದ್ದರೆ ಎಷ್ಟು ದುಬಾರಿ ಗೀಸರ್ ತಂದರೂ ಅಪಾಯ ತಪ್ಪುವುದಿಲ್ಲ.

ಒಂದು ಸಣ್ಣ ಲೆಕ್ಕ

ನಮ್ಮಲ್ಲಿ ಜಾಸ್ತಿ ಮಾರಾಟವಾಗುವುದು ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಎಲ್‌ಪಿಜಿ ಗೀಸರ್. ಪೂರ್ತಿ ಉರಿಯುವಾಗ ಅದು ನಿಮಿಷಕ್ಕೆ ಸುಮಾರು 15 ಗ್ರಾಂ ಗ್ಯಾಸ್ ಸುಡುತ್ತದೆ. ಒಂದು ಕಿಲೋ ಗ್ಯಾಸ್ ಸರಿಯಾಗಿ ಸುಡಬೇಕಾದರೆ ಸುಮಾರು 13 ಘನ ಮೀಟರ್ ಗಾಳಿ ಬೇಕು. ಅಂದರೆ ಹತ್ತು ನಿಮಿಷಕ್ಕೆ ಹತ್ತಿರ ಹತ್ತಿರ 2 ಘನ ಮೀಟರ್. ನಮ್ಮ ಆ ಬಾತ್‌ರೂಮಿನ ಎತ್ತರ ಎಂಟಡಿ. ಒಳಗಿದ್ದ ಗಾಳಿ ಒಟ್ಟು 8 ಘನ ಮೀಟರ್ ಇರಬಹುದು. ಬಾಗಿಲು ಹಾಕಿ, ಕಿಂಡಿಗೆ ಪೇಪರ್ ತುರುಕಿದರೆ ಹತ್ತೇ ನಿಮಿಷದಲ್ಲಿ ಅಲ್ಲಿನ ಆಮ್ಲಜನಕದ ಕಾಲು ಭಾಗವನ್ನು ಗೀಸರ್ ತಿಂದು ಹಾಕುತ್ತದೆ.

ಆಮ್ಲಜನಕ ಕಮ್ಮಿಯಾದ ಹಾಗೆ ಗ್ಯಾಸ್ ಅರ್ಧಂಬರ್ಧ ಸುಡಲು ಶುರುವಾಗುತ್ತದೆ. ಆಗ ಹುಟ್ಟುವುದೇ ಕಾರ್ಬನ್ ಮಾನಾಕ್ಸೈಡ್. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಸ್ವಲ್ಪ ತಲೆನೋವು, ಸ್ವಲ್ಪ ವಾಕರಿಕೆ, ಕಾಲಲ್ಲಿ ಶಕ್ತಿ ಇಲ್ಲದ ಹಾಗೆ ಆಗುತ್ತದೆ. ಬಿಸಿನೀರಿನ ಮಂಪರು ಅಂದುಕೊಳ್ಳುತ್ತೇವೆ. ಏಳಬೇಕು ಅನ್ನುವಷ್ಟರಲ್ಲಿ ಏಳಲು ಆಗುವುದಿಲ್ಲ.

ಮೊದಲು ಸ್ನಾನ ಮಾಡಿದವರಿಗೆ ಏನೂ ಆಗದೆ ಎರಡನೆಯವರಿಗೋ ಮೂರನೆಯವರಿಗೋ ಆಗುವುದು ಇದಕ್ಕೇ. ಮೊದಲಿನವರ ಹೊತ್ತಿನಲ್ಲಿ ಕೆಟ್ಟ ಗಾಳಿ ಆಮೇಲೂ ಅಲ್ಲೇ ನಿಂತಿರುತ್ತದೆ. "ಇಷ್ಟು ವರ್ಷ ಏನೂ ಆಗಿಲ್ಲ" ಎನ್ನುವ ಮಾತಿಗೆ ಅರ್ಥ ಇಲ್ಲದಿರುವುದೂ ಇದಕ್ಕೇ. ಆ ವರ್ಷಗಳಲ್ಲಿ ಯಾರೂ ಕಿಂಡಿಗೆ ಪೇಪರ್ ಸಿಕ್ಕಿಸಿರಲಿಲ್ಲ, ಅಷ್ಟೇ.

ಮಲೆನಾಡಿನ ನಮ್ಮ ಹಳೇ ಮನೆಯ ಬಚ್ಚಲಲ್ಲಿ ಹಂಡೆ ಒಲೆ ದಿನವಿಡೀ ಉರಿಯುತ್ತಿತ್ತು. ಹೊಗೆ ಅಲ್ಲೂ ಇತ್ತು. ಆದರೆ ಮೇಲೆ ಹೆಂಚು, ಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು, ಒಲೆಯ ಬಾಯಿ ಎಷ್ಟೋ ಮನೆಗಳಲ್ಲಿ ಹೊರಗಡೆಗೇ ಇರುತ್ತಿತ್ತು. ಈಗಿನ ಬಾತ್‌ರೂಮು ಹಾಗಲ್ಲ. ನೆಲದಿಂದ ಸೂರಿನವರೆಗೆ ಟೈಲ್ಸ್, ಬಿಗಿಯಾದ ಬಾಗಿಲು, ಒಂದಡಿ ಕಿಂಡಿ. ಅಂಥ ಡಬ್ಬಿಯೊಳಗೆ ಒಲೆ ಹಚ್ಚಿಕೊಂಡು ಕೂರುತ್ತಿದ್ದೇವೆ.

ಜಾಗಗಳನ್ನು ಹೋಲಿಸೋಣ

ಬಾತ್‌ರೂಮಿನ ಒಳಗೆ: ಬೇಡ. ಇದರಲ್ಲಿ ನನಗೆ ರಾಜಿ ಇಲ್ಲ. ಹೊಗೆಕೊಳವೆ ಇಲ್ಲದ 6 ಲೀಟರ್ ಗೀಸರನ್ನು ಬಾತ್‌ರೂಮಿನ ಒಳಗೆ ಹಾಕಲೇಬಾರದು. ವೆಂಟಿಲೇಟರ್ ದೊಡ್ಡದಿದೆ, ಎಕ್ಸಾಸ್ಟ್ ಫ್ಯಾನ್ ಇದೆ ಎನ್ನುವವರಿಗೂ ಇದೇ ಉತ್ತರ. ಫ್ಯಾನ್ ಕೆಡುತ್ತದೆ, ಕರೆಂಟ್ ಹೋಗುತ್ತದೆ, ಸ್ವಿಚ್ ಹಾಕಲು ಮರೆಯುತ್ತೇವೆ, ಚಳಿಗಾಲದಲ್ಲಿ ಕಿಂಡಿ ಮುಚ್ಚುತ್ತೇವೆ. ಪ್ರತಿ ದಿನ, ಪ್ರತಿ ಸಲ ಎಲ್ಲರೂ ನೆನಪಿಡಬೇಕಾದ ಸುರಕ್ಷತೆಯನ್ನು ನಂಬಿ ಮನೆಯವರನ್ನು ಒಳಗೆ ಕಳಿಸಲು ನನಗೆ ಧೈರ್ಯ ಇಲ್ಲ.

ಪ್ಲಂಬರ್ ಆಗ ಹೇಳುವ ಮಾತು ಒಂದಿದೆ: "ಹೊರಗೆ ಹಾಕಿದರೆ ಪೈಪಲ್ಲೇ ನೀರು ತಣ್ಣಗಾಗುತ್ತೆ ಸಾರ್." ಅದನ್ನೂ ಲೆಕ್ಕ ಹಾಕಿ ನೋಡಿದೆ. ಅರ್ಧ ಇಂಚಿನ ಸಿಪಿವಿಸಿ ಪೈಪು ಹತ್ತು ಮೀಟರ್ ಉದ್ದ ಇದ್ದರೂ ಅದರೊಳಗೆ ಹಿಡಿಯುವ ನೀರು ಒಂದೂವರೆ ಲೀಟರ್‌ಗಿಂತ ಕಡಿಮೆ. ಎರಡು ಚೊಂಬು ತಣ್ಣೀರು ಮೊದಲು ಬರುತ್ತದೆ. ಅದನ್ನು ಬಕೆಟ್‌ಗೆ ಹಿಡಿದರೆ ಆಯಿತು. ಬಿಸಿನೀರಿಗೆ ಮಾಮೂಲಿ ಪಿವಿಸಿ ಹಾಕಬೇಡಿ, ಸಿಪಿವಿಸಿಯೇ ಇರಲಿ. ಗೀಸರ್‌ನಿಂದ ಹೊರಡುವ ಮೊದಲ ತುಂಡು ಲೋಹದ್ದಾದರೆ ಇನ್ನೂ ಒಳ್ಳೆಯದು.

ಯುಟಿಲಿಟಿ: ನಮ್ಮ ಮನೆಗಳಿಗೆ ಸಾಮಾನ್ಯವಾಗಿ ಹೊಂದುವ ಜಾಗ ಇದು. ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಜಾಗ, ಒಂದು ಕಡೆ ಬರೀ ಗ್ರಿಲ್. ಗ್ರಿಲ್ ಇರುವ ಗೋಡೆಯ ಪಕ್ಕದಲ್ಲೇ ಗೀಸರ್ ಕೂರಿಸಿ. ಆದರೆ ಆ ಗ್ರಿಲ್‌ಗೆ ಮಳೆ ಬರುತ್ತದೆ, ಪಾರಿವಾಳ ಬರುತ್ತದೆ ಎಂದು ಗಾಜಿನ ಶಟರ್ ಹಾಕಿಸಿದ್ದರೆ ಅದು ಯುಟಿಲಿಟಿ ಅಲ್ಲ, ಇನ್ನೊಂದು ಮುಚ್ಚಿದ ಕೋಣೆ. ಪಾರಿವಾಳಕ್ಕೆ ಬಲೆ ಕಟ್ಟಿಸಿ, ಗಾಜು ಬೇಡ. ಗೀಸರ್ ಮೇಲಿನ ಬಿಸಿಗಾಳಿ ನೇರ ಬೆಡ್‌ರೂಮ್ ಕಿಟಕಿಗೋ ಪಕ್ಕದ ಮನೆಯವರ ಕಿಟಕಿಗೋ ಹೋಗದ ಹಾಗೆ ನೋಡಿಕೊಳ್ಳಿ. ಬಟ್ಟೆ ಒಣಹಾಕುವ ಹಗ್ಗ ಅದರ ಮೇಲೆ ಹಾಯಬಾರದು.

ಬಾಲ್ಕನಿ: ಗಾಳಿಯ ಮಟ್ಟಿಗೆ ಯುಟಿಲಿಟಿಗಿಂತಲೂ ಮೇಲು. ತೊಂದರೆ ಬೇರೆ. ಎತ್ತರದ ಮಹಡಿಯಲ್ಲಿ ಜೋರು ಗಾಳಿಗೆ ಉರಿ ಆರುತ್ತಿರುತ್ತದೆ. ಸ್ವಲ್ಪ ಮರೆಯಿರುವ ಮೂಲೆ ನೋಡಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮಳೆಯ ಎರಚಲು ಮತ್ತು ಉಪ್ಪುಗಾಳಿಯನ್ನೂ ಯೋಚಿಸಬೇಕು. ಬರ್ನರ್‌ಗೆ ತುಕ್ಕು ಹಿಡಿದರೆ ಉರಿ ಕೆಡುತ್ತದೆ. ಮೇಲೆ ತಗಡಿನ ಮಾಡು ಹಾಕಿಸಿ, ಮೂರು ಕಡೆ ಮುಚ್ಚಿ ಡಬ್ಬಿ ಮಾತ್ರ ಮಾಡಬೇಡಿ.

ಅಪಾರ್ಟ್‌ಮೆಂಟ್‌ನ ಶಾಫ್ಟ್: ಬಾತ್‌ರೂಮುಗಳ ನಡುವೆ ಮೇಲಿಂದ ಕೆಳಗೆ ಪೈಪು ಇಳಿಯುವ ಆ ಕಿರಿದಾದ ಬಾವಿ. ಜಾಗ ಇಲ್ಲದವರು ಗೀಸರನ್ನು ಅಲ್ಲಿಗೆ ತಳ್ಳುತ್ತಾರೆ. ನಿಮ್ಮ ಹೊಗೆ ಮೇಲಿನ ಮನೆಯ ವೆಂಟಿಲೇಟರ್‌ನಿಂದ ಒಳಗೆ ಹೋಗುತ್ತದೆ. ಅಲ್ಲಿ ಒಂದು ಮಗು ಸ್ನಾನ ಮಾಡುತ್ತಿರಬಹುದು. ಇದೂ ಬೇಡ.

ಹೀಗೆ ನೋಡುತ್ತಾ ಹೋದಾಗ ನಿಮ್ಮ ಮನೆಯಲ್ಲಿ ತೆರೆದ ಜಾಗವೇ ಇಲ್ಲ ಎಂದಾದರೆ ಗ್ಯಾಸ್ ಗೀಸರ್ ನಿಮಗಲ್ಲ. ಅಂಥವರು ಕರೆಂಟ್ ಮತ್ತು ಸೋಲಾರ್ ವಿಷಯಕ್ಕೆ ನೇರ ಹೋಗಬಹುದು.

ಈಗ ಗೀಸರ್ ನೋಡೋಣ

ಅಂಗಡಿಯಲ್ಲಿ ಕಾಣುವ 6 ಲೀಟರ್‌ನವು ಹೆಚ್ಚಾಗಿ ಹೊಗೆಕೊಳವೆ ಇಲ್ಲದವು. ಸುಟ್ಟ ಗಾಳಿಯನ್ನು ಅಲ್ಲೇ, ಮೇಲಿನ ಜಾಲರಿಯಿಂದ ಬಿಡುತ್ತವೆ. ಕಡಿಮೆ ಬೆಲೆ, ಎರಡು ದಪ್ಪ ಬ್ಯಾಟರಿಯಲ್ಲಿ ಕಿಡಿ ಹೊತ್ತುತ್ತದೆ, ಕರೆಂಟ್ ಬೇಕಿಲ್ಲ. ತೆರೆದ ಯುಟಿಲಿಟಿಗೆ, ಬಾಲ್ಕನಿಗೆ ಇದು ಸಾಕು. ಅಲ್ಲಿಗೆ ಮಾತ್ರ.

ಎರಡನೆಯದು ಮೇಲೆ ಹೊಗೆಕೊಳವೆ ಇರುವಂಥದ್ದು. ಬಿಸಿಗಾಳಿ ತಾನೇ ಮೇಲೇರಿ ಕೊಳವೆಯಿಂದ ಹೊರಗೆ ಹೋಗಬೇಕು. ಕೇಳಲು ಚೆನ್ನಾಗಿದೆ, ಆದರೆ ಇದು ಕೂಡ ಉರಿಯಲು ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಅದೇ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಫ್ಯಾನ್ ಒಳಗಿನ ಗಾಳಿಯನ್ನು ಜಗ್ಗುತ್ತದೆ, ಕೊಳವೆಯಲ್ಲಿ ಮೇಲೆ ಹೋಗಬೇಕಾದ ಹೊಗೆ ಉಲ್ಟಾ ಕೆಳಗೆ ಬರುತ್ತದೆ. ಸುರಕ್ಷೆಗೆ ಎಂದು ಹಾಕಿದ ಫ್ಯಾನೇ ಅಪಾಯ ತರುವುದು ಹೀಗೆ. ನೋಡುವ ಸುಲಭ ದಾರಿ ಊದುಬತ್ತಿ. ಮೊದಲು ಗ್ಯಾಸ್ ಎಲ್ಲೂ ಸೋರುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಬಾಗಿಲು ಹಾಕಿ, ಫ್ಯಾನ್ ಹಾಕಿ, ಗೀಸರ್ ಐದು ನಿಮಿಷ ಉರಿಸಿ, ಕೊಳವೆ ಶುರುವಾಗುವ ಕಡೆ ಇರುವ ಸಂದಿಯ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡರೆ ಸರಿ. ನಿಮ್ಮ ಮುಖದ ಕಡೆ ಬಂದರೆ ಗೀಸರ್ ಆರಿಸಿ ಹೊರಗೆ ಬನ್ನಿ.

ಕೊಳವೆ ಲೋಹದ್ದೇ ಇರಬೇಕು. ಪಿವಿಸಿ ಪೈಪ್ ಜೋಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಬಿಸಿಗೆ ಸೊಟ್ಟಗಾಗಿ ಕೀಲು ಬಿಟ್ಟಿತ್ತು. ಬಾಗು ಕಡಿಮೆ ಇರಲಿ, ತುದಿ ಬಯಲಿಗೆ ತೆರೆದಿರಲಿ. ಅಟ್ಟದೊಳಗೋ ಶಾಫ್ಟ್‌ಗೋ ಬಿಟ್ಟರೆ ಹೊಗೆಯನ್ನು ಮನೆಯಲ್ಲೇ ಇಟ್ಟುಕೊಂಡ ಹಾಗೆ.

ಮೂರನೆಯದರಲ್ಲಿ ಫ್ಯಾನ್ ಇದ್ದು ಹೊಗೆಯನ್ನು ನೂಕುತ್ತದೆ. ಕರೆಂಟ್ ಬೇಕು. ಎರಡನೆಯದಕ್ಕಿಂತ ಭರವಸೆಯದು, ಆದರೂ ಉರಿಯಲು ಬೇಕಾದ ಗಾಳಿ ಕೋಣೆಯದ್ದೇ. ನಾಲ್ಕನೆಯದು ಬ್ಯಾಲೆನ್ಸ್ಡ್ ಫ್ಲೂ. ಪೂರ್ತಿ ಮುಚ್ಚಿದ ಪೆಟ್ಟಿಗೆ. ಹೊರಗಿನಿಂದಲೇ ಗಾಳಿ ತೆಗೆದುಕೊಂಡು ಹೊರಗೇ ಬಿಡುತ್ತದೆ. ಕೋಣೆಯ ಗಾಳಿಗೂ ಉರಿಗೂ ಸಂಬಂಧವೇ ಇಲ್ಲ. ಎಲ್ಲದಕ್ಕಿಂತ ಸುರಕ್ಷಿತ ಇದೇ. ಬೆಲೆ ಜಾಸ್ತಿ, ಗೋಡೆ ಕೊರೆದು ಸರಿಯಾಗಿ ಕೂರಿಸಲು ತಿಳಿದವರು ಬೇಕು. ಸ್ವಂತ ಮನೆ ಕಟ್ಟುತ್ತಿರುವವರು ಗ್ಯಾಸೇ ಬೇಕು ಅಂದರೆ ಇದರ ಬಗ್ಗೆ ವಿಚಾರಿಸಿ.

ಡಬ್ಬಿಯ ಮೇಲೆ ಬರೆದಿರುವ ಸೇಫ್ಟಿಗಳ ಬಗ್ಗೆ ಒಂದು ಮಾತು. ಉರಿ ಆರಿದರೆ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ಇರಲೇಬೇಕು. ಆದರೆ ಅದು ಕಾಯುವುದು ಸೋರಿಕೆಯಿಂದ, ಕಾರ್ಬನ್ ಮಾನಾಕ್ಸೈಡ್‌ನಿಂದ ಅಲ್ಲ. 20 ನಿಮಿಷಕ್ಕೆ ತಾನೇ ಆರುವ ಟೈಮರ್ ಒಳ್ಳೆಯದೇ. ಆದರೆ ನಲ್ಲಿ ತಿರುಗಿಸಿ ಮತ್ತೆ ಹಾಕಿದರೆ ಲೆಕ್ಕ ಮೊದಲಿನಿಂದ ಶುರು. ಅಲ್ಲದೆ 20 ನಿಮಿಷದೊಳಗೇ ಎಚ್ಚರ ತಪ್ಪಬಹುದು. ಆಮ್ಲಜನಕ ಕಡಿಮೆಯಾದರೆ ಆರಿಸುವ ಸೆನ್ಸರ್ ಕೆಲವು ಮಾಡೆಲ್‌ಗಳಲ್ಲಿದೆ, ಸಿಕ್ಕರೆ ಅದನ್ನೇ ತಗೊಳ್ಳಿ. ಆದರೆ ಬರ್ನರ್‌ನಲ್ಲಿ ಮಸಿ ಕಟ್ಟಿದ್ದರೆ ಆಮ್ಲಜನಕ ಸಾಕಷ್ಟಿದ್ದರೂ ವಿಷಗಾಳಿ ಹುಟ್ಟುತ್ತದೆ, ಆಗ ಆ ಸೆನ್ಸರ್ ಸುಮ್ನೆ ಇರುತ್ತದೆ. ಇವೆಲ್ಲ ಸರಿಯಾದ ಜಾಗದ ಜೊತೆಗೆ ಬೇಕಾದವು, ಜಾಗದ ಬದಲಿಗೆ ಅಲ್ಲ. ಐಎಸ್‌ಐ ಗುರುತಿನ ಜೊತೆ ಐಎಸ್ 15558 ಎಂಬ ಸಂಖ್ಯೆ ಇದೆಯಾ ನೋಡಿ. ಎಲ್‌ಪಿಜಿಯ ಸಣ್ಣ ಗೀಸರ್‌ಗಳ ಭಾರತೀಯ ಮಾನಕ ಅದು.

ಇನ್ನೊಂದು, ನೀರಿನ ಒತ್ತಡ. ಬಹಳಷ್ಟು ಮಾಡೆಲ್‌ಗಳಿಗೆ ಕನಿಷ್ಠ 0.2 ಅಥವಾ 0.3 ಬಾರ್ ಬೇಕು. 0.3 ಬಾರ್ ಅಂದರೆ ಟ್ಯಾಂಕ್ ಗೀಸರ್‌ಗಿಂತ ಮೂರು ಮೀಟರ್ ಮೇಲಿರಬೇಕು. ತಾರಸಿಯ ಟ್ಯಾಂಕ್‌ಗೆ ಕೆಳಗಿನ ಮಹಡಿಯಲ್ಲಿರುವವರಿಗೆ ತೊಂದರೆ ಇಲ್ಲ, ಕೊನೇ ಮಹಡಿಯವರಿಗೆ ಗೀಸರ್ ಹೊತ್ತದೇ ಇರಬಹುದು. ಕೊಳ್ಳುವ ಮೊದಲು ಟೇಪ್ ಹಿಡಿದು ಅಳೆಯಿರಿ.

ಸಿಲಿಂಡರ್ ಗ್ಯಾಸಾ, ಪೈಪ್ ಗ್ಯಾಸಾ?

ಬೆಂಗಳೂರಿನ ಎಷ್ಟೋ ಬಡಾವಣೆಗಳಿಗೆ ಈಗ ಗೇಲ್ ಗ್ಯಾಸ್‌ನ ಪೈಪ್ ಬಂದಿದೆ. ಎಲ್‌ಪಿಜಿ ಗೀಸರನ್ನು ಹಾಗೇ ಪೈಪ್ ಗ್ಯಾಸ್‌ಗೆ ಜೋಡಿಸುವ ಹಾಗಿಲ್ಲ. ಒತ್ತಡ ಬೇರೆ, ಬರ್ನರ್‌ನ ತೂತಿನ ಅಳತೆ ಬೇರೆ. ಪಿಎನ್‌ಜಿಗೆ, ಅಂದರೆ ಪೈಪ್ ಗ್ಯಾಸ್‌ಗೆ, ಎಂದೇ ಮಾಡಿದ್ದನ್ನು ಕೊಳ್ಳಬೇಕು. ಸೋರಿದಾಗಿನ ನಡವಳಿಕೆಯೂ ಬೇರೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ಮೋರಿಗೋ ತಗ್ಗಿಗೋ ಇಳಿದು ಕೂರುತ್ತದೆ. ಪಿಎನ್‌ಜಿ ಹಗುರ, ಸೂರಿಗೆ ಏರುತ್ತದೆ. ಹಾಗಾಗಿ ಸೋರಿಕೆಯ ಅಲಾರ್ಮ್ ಎಲ್‌ಪಿಜಿಗೆ ನೆಲದಿಂದ ಒಂದಡಿ ಎತ್ತರದಲ್ಲಿ, ಪಿಎನ್‌ಜಿಗೆ ಸೂರಿನ ಹತ್ತಿರ. ಇವೆರಡೂ ಕಾರ್ಬನ್ ಮಾನಾಕ್ಸೈಡನ್ನು ಹಿಡಿಯುವುದಿಲ್ಲ. ಅದಕ್ಕೆ ಬೇರೆಯದೇ ಅಲಾರ್ಮ್ ಇದೆ. ಗೀಸರ್ ಮನೆಗೆ ತಾಗಿಕೊಂಡಿದ್ದರೆ ಒಂದನ್ನು ಪಕ್ಕದ ಕೋಣೆಯಲ್ಲಿ ಹಾಕಿಸಿ.

ಕರೆಂಟು, ಸೋಲಾರು ಮತ್ತು ದುಡ್ಡಿನ ವಿಷಯ

"ಗ್ಯಾಸ್ ಅಗ್ಗ" ಎಂದು ಎಲ್ಲರೂ ಹೇಳುತ್ತಾರೆ. 24 ಡಿಗ್ರಿ ಇರುವ 20 ಲೀಟರ್ ನೀರನ್ನು 40 ಡಿಗ್ರಿಗೆ ಕಾಯಿಸಬೇಕು ಎಂದುಕೊಳ್ಳಿ, ಒಂದು ಬಕೆಟ್. ಗ್ಯಾಸ್ ಗೀಸರ್‌ಗೆ ಸುಮಾರು 36 ಗ್ರಾಂ ಎಲ್‌ಪಿಜಿ ಬೇಕು. 14.2 ಕಿಲೋದ ಸಿಲಿಂಡರ್‌ಗೆ 900 ರೂಪಾಯಿ ಎಂದಿಟ್ಟುಕೊಂಡರೆ ಎರಡೂಕಾಲು ರೂಪಾಯಿ ಆಗುತ್ತದೆ. ಕರೆಂಟ್‌ನಲ್ಲಿ ಅದೇ ಬಕೆಟ್‌ಗೆ 0.4 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಯೂನಿಟ್‌ಗೆ 6 ರೂಪಾಯಿ ಎಂದರೆ ಎರಡೂವರೆ ರೂಪಾಯಿ. ಬಕೆಟ್‌ಗೆ ನಾಲ್ಕಾಣೆ ವ್ಯತ್ಯಾಸ! ಇಷ್ಟು ಉಳಿಸಲು ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಹಾಕಿಸುವುದು ನನ್ನ ಮಟ್ಟಿಗೆ ಯಾವ ಲೆಕ್ಕದಲ್ಲೂ ಕೂರುವುದಿಲ್ಲ.

ಗೃಹಜ್ಯೋತಿಯಲ್ಲಿರುವವರು ಇನ್ನೊಂದು ಲೆಕ್ಕ ನೋಡಬೇಕು. ನಾಲ್ಕು ಜನ ದಿನಕ್ಕೆ ಒಂದೊಂದು ಬಕೆಟ್ ಅಂದರೆ ತಿಂಗಳಿಗೆ ಸುಮಾರು 50 ಯೂನಿಟ್. ನಿಮ್ಮ ಬಳಕೆ 200 ಯೂನಿಟ್‌ನ ಒಳಗೇ ಇರುತ್ತದೆಯೋ, ಅಥವಾ ಈ 50ರಿಂದ ಅದನ್ನು ದಾಟಿ ಪೂರ್ತಿ ಬಿಲ್ ಬರುತ್ತದೆಯೋ ಎಂದು ಹಳೇ ಬಿಲ್‌ಗಳನ್ನು ಇಟ್ಟುಕೊಂಡು ನೋಡಿ.

ಗ್ಯಾಸ್ ನಿಜವಾಗಿ ಗೆಲ್ಲುವುದು ವೇಗದಲ್ಲಿ. ಆ ಬಕೆಟ್ ಎರಡೂವರೆ ನಿಮಿಷದಲ್ಲಿ ತುಂಬುತ್ತದೆ. 3 ಕಿಲೋವ್ಯಾಟ್‌ನ ಇನ್‌ಸ್ಟಂಟ್ ಕರೆಂಟ್ ಗೀಸರ್‌ನಲ್ಲಿ ಏಳೂವರೆ ನಿಮಿಷ. ಅದರ ಧಾರೆ ಸಣ್ಣದು, ಶವರ್‌ಗೆ ಸಾಲದು. 15 ಲೀಟರ್‌ನ ಸ್ಟೋರೇಜ್ ಗೀಸರ್ 2 ಕಿಲೋವ್ಯಾಟ್‌ನಲ್ಲಿ 60 ಡಿಗ್ರಿಗೆ ಕಾಯಲು ಇಪ್ಪತ್ತು ನಿಮಿಷ ತಗೊಳ್ಳುತ್ತದೆ, ತಣ್ಣೀರು ಬೆರೆಸಿದರೆ ಒಂದೂವರೆ ಬಕೆಟ್‌ಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಬೆಳಿಗ್ಗೆ ಏಳಕ್ಕೆ ನಾಲ್ಕು ಜನ ಹೊರಡಬೇಕಾದ ಮನೆಯಲ್ಲಿ 25 ಲೀಟರ್‌ನದ್ದೇ ಬೇಕು.

ಕರೆಂಟ್ ಗೀಸರ್‌ಗೂ ಅದರದ್ದೇ ಅಪಾಯ ಇದೆ. ಅರ್ಥಿಂಗ್ ಸರಿ ಇರಬೇಕು, 16 ಆಂಪ್ಸ್‌ನ ಬೇರೆಯೇ ಲೈನ್ ಬೇಕು, 30 ಮಿಲಿಆಂಪ್ಸ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿರಬೇಕು. ಸೇಫ್ಟಿ ವಾಲ್ವ್ ಇರಬೇಕು. ಇಷ್ಟು ಒಂದು ಸಲ ಮಾಡಿಸಿದರೆ ದಿನಾ ನೆನಪಿಡಬೇಕಾದ್ದು ಕಡಿಮೆ. ಗ್ಯಾಸ್‌ಗೆ ಹೆದರಿ ಬಕೆಟ್‌ಗೆ ರಾಡ್ ಹಾಕುವುದು ಮಾತ್ರ ಬೇಡ. ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ತಾರಸಿ ನಿಮ್ಮದಾದರೆ ಸೋಲಾರ್ ಮೊದಲ ಆಯ್ಕೆ. ವರ್ಷದ ಹೆಚ್ಚು ದಿನ ಬಿಸಿಲಿರುವ ನಾಡು ನಮ್ಮದು. ಬೋರ್‌ವೆಲ್‌ನ ಗಡಸು ನೀರಿಗೆ ತಾಮ್ರದ ಕೊಳವೆಯ ಚಪ್ಪಟೆ ಪ್ಯಾನಲ್‌ಗಿಂತ ಗಾಜಿನ ಟ್ಯೂಬಿನದ್ದು ಅನುಕೂಲ, ಸುಣ್ಣ ಕಟ್ಟಿದರೂ ತೆಗೆಯುವುದು ಸುಲಭ. ಜುಲೈ, ಆಗಸ್ಟ್‌ನ ಮೋಡದ ದಿನಗಳಿಗೆ ಒಂದು ಸಣ್ಣ ಕರೆಂಟ್ ಗೀಸರ್ ಇದ್ದರೆ ಸಾಕು. ನಾವೀಗ ಇರುವ ಮನೆಯಲ್ಲಿ ಹೀಗೇ ಇದೆ.

ಹಾಕಿಸುವ ದಿನ

ನೀರಿನ ಕೆಲಸ ಪ್ಲಂಬರ್ ಮಾಡಲಿ. ಗ್ಯಾಸಿನ ಕೆಲಸ ಅವರಿಂದ ಬೇಡ. ಗೀಸರ್ ಕಂಪನಿಯ ತಂತ್ರಜ್ಞರೋ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ಕೋ ಬರಲಿ, ನೀವು ಪಕ್ಕದಲ್ಲೇ ನಿಲ್ಲಿ.

ಸಿಲಿಂಡರ್ ನೆಟ್ಟಗೆ, ನೆಲದ ಮೇಲೆ, ಗಾಳಿಯಾಡುವ ಕಡೆ ಇರಲಿ. ಮೋರಿಯ ಬಾಯಿಯ ಪಕ್ಕ ಬೇಡ, ತಗ್ಗಿನಲ್ಲಿ ಬೇಡ. ಟ್ಯೂಬ್ ಕೇಸರಿ ಬಣ್ಣದ, ಒಳಗೆ ತಂತಿ ಹೆಣೆದ ಸುರಕ್ಷಾ ಹೋಸ್ ಆಗಿರಲಿ. ಅದರ ಮೇಲೆ ಐಎಸ್ 9573 ಎಂದು ಇರುತ್ತದೆ. ಉದ್ದ ಒಂದೂವರೆ ಮೀಟರ್ ಮೀರಬಾರದು, ಐದು ವರ್ಷಕ್ಕೆ ಬದಲಿಸಬೇಕು. ಇನ್ನೂ ದೂರ ಇದ್ದರೆ ತಾಮ್ರದ ಲೈನ್ ಎಳೆಸಿ, ಗೀಸರ್‌ಗೆ ಅಂತಲೇ ಬೇರೆ ವಾಲ್ವ್ ಹಾಕಿಸಿ. ಒಲೆಯ ಟ್ಯೂಬನ್ನು ಮಧ್ಯೆ ಕತ್ತರಿಸಿ ಟಿ ಜಾಯಿಂಟ್ ಹಾಕುತ್ತೇನೆ ಎಂದರೆ ಒಪ್ಪಬೇಡಿ. ಹೋಟೆಲ್ ಒಲೆಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರ್ ಮನೆಯ ಗೀಸರ್‌ಗೆ ಹಾಕಬಾರದು, "ಉರಿ ಜೋರಾಗಿ ಬರುತ್ತೆ" ಎಂದು ಯಾರಾದರೂ ಹೇಳಬಹುದು.

ಎಲ್ಲಾ ಜೋಡಿಸಿದ ಮೇಲೆ ಒಂದು ಬಟ್ಟಲಲ್ಲಿ ಸೋಪಿನ ನೊರೆ ಮಾಡಿ, ಬ್ರಷ್‌ನಿಂದ ಪ್ರತಿ ಕೀಲಿಗೂ ಹಚ್ಚಿ. ಗ್ಯಾಸ್ ತೆರೆದಾಗ ಗುಳ್ಳೆ ಏಳಬಾರದು. ಕಡ್ಡಿ ಗೀರಿ ನೋಡುವುದು ಯಾವತ್ತೂ ಬೇಡ. ಆಮೇಲೆ ಗೀಸರ್ ಹಚ್ಚಿ, ಕಿಂಡಿಯಲ್ಲಿ ನೋಡಿ. ಉರಿ ನೀಲಿಯಾಗಿ, ಗಿಡ್ಡಗೆ, ಅಲುಗಾಡದೆ ನಿಲ್ಲಬೇಕು. ಕಿಂಡಿ ಕಣ್ಣಿನ ಎತ್ತರಕ್ಕೆ ಬರುವ ಹಾಗೆ ಗೀಸರ್ ಕೂರಿಸಲು ಹೇಳಿ, ಆಗ ದಿನಾ ಒಂದು ಸಲ ಕಣ್ಣು ಹೋಗುತ್ತದೆ. ತುದಿ ಹಳದಿಯಾದರೆ, ಮೇಲಿನ ಜಾಲರಿ ಕಪ್ಪಾದರೆ ಅವತ್ತೇ ನಿಲ್ಲಿಸಿ ಸರ್ವಿಸ್‌ಗೆ ಕರೆಯಿರಿ. ಇಲ್ಲದಿದ್ದರೂ ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮೊದಲು, ಸರ್ವಿಸ್ ಬೇಕು.

ಬಾಡಿಗೆ ಮನೆಯವರಿಗೆ

ಮನೆ ನೋಡಲು ಹೋದಾಗ ಹಾಲ್, ಅಡುಗೆಮನೆ ಬಿಟ್ಟು ಮೊದಲು ಬಾತ್‌ರೂಮ್ ನೋಡಿ. ಒಳಗೆ ಗ್ಯಾಸ್ ಗೀಸರ್ ಇದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಹೊರಗೆ ಹಾಕಿಸಿಕೊಡಿ ಎಂದು ಕೇಳಿ. ಆಮೇಲೆ ಕೇಳಿದರೆ ಆಗುವುದಿಲ್ಲ, ನನಗೆ ಗೊತ್ತು. ಈಗಾಗಲೇ ಅಂಥ ಮನೆಯಲ್ಲಿದ್ದೀರಾ? ಬದಲಾಯಿಸುವವರೆಗೆ ಒಂದು ಕೆಲಸ ಮಾಡಿ. ಬಾಗಿಲು, ಕಿಂಡಿ ಪೂರ್ತಿ ತೆರೆದಿಟ್ಟು ಬಕೆಟ್ ತುಂಬಿಸಿ. ಗೀಸರ್ ಆರಿಸಿ, ರೆಗ್ಯುಲೇಟರ್ ಮುಚ್ಚಿ. ಐದು ನಿಮಿಷ ಗಾಳಿಯಾಡಲಿ. ಆಮೇಲೆ ಬಾಗಿಲು ಹಾಕಿ ಸ್ನಾನ ಮಾಡಿ. ಗೀಸರ್ ಉರಿಯುವಾಗ ಒಳಗೆ ಯಾರೂ ಬಾಗಿಲು ಹಾಕಿಕೊಂಡಿರಬಾರದು. ಶವರ್ ಬೇಡ. ವಯಸ್ಸಾದವರು, ಮಕ್ಕಳು ಒಳಗಿರುವಾಗ ಚಿಲಕ ಬೇಡ, ಬಾಗಿಲು ಒರಗಿಸಿದರೆ ಸಾಕು.

ಏನಾದರೂ ಆದರೆ

ಗ್ಯಾಸ್ ವಾಸನೆ ಬಂದರೆ ಅದು ಸೋರಿಕೆ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಗೆ ದೇಶಕ್ಕೆಲ್ಲ ಇರುವ ತುರ್ತು ನಂಬರ್ ಅದು.

ವಾಸನೆ ಏನೂ ಇಲ್ಲದೆ ಬಾತ್‌ರೂಮಿನಲ್ಲಿ ಒಬ್ಬರು ಬಿದ್ದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂದೇ ತಿಳಿಯಿರಿ. ಬಾಗಿಲು ಪೂರ್ತಿ ತೆರೆಯಿರಿ, ಉಸಿರು ಬಿಗಿಹಿಡಿದು ಒಳಗೆ ಹೋಗಿ ಅವರನ್ನು ಎಳೆದು ತನ್ನಿ. ಅಲ್ಲೇ ಕೂತು ಮುಖಕ್ಕೆ ನೀರು ಹಾಕಬೇಡಿ, ನಿಮಗೂ ಅದೇ ಆಗುತ್ತದೆ. ಬಯಲು ಗಾಳಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ, ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರು ಮಾಡಿ. ಎದ್ದು ಕೂತು "ಏನೂ ಇಲ್ಲ, ಸರಿ ಹೋಯ್ತು" ಎಂದರೂ ಆಸ್ಪತ್ರೆಗೆ ಹೋಗಲೇಬೇಕು. ಮಾಮೂಲಿ ಗಾಳಿಯಲ್ಲಿ ರಕ್ತದಲ್ಲಿರುವ ವಿಷ ಅರ್ಧಕ್ಕೆ ಇಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ ಸಾಕು.

ಅವತ್ತು ನಾವು ಮಾಡಿದ ತಪ್ಪು ಒಂದಿದೆ. ಕೋವಿಡ್ ಕಾಲದಲ್ಲಿ ತಂದಿದ್ದ ಆಕ್ಸಿಮೀಟರ್ ಮನೆಯಲ್ಲಿತ್ತು. ಅಮ್ಮನ ಬೆರಳಿಗೆ ಹಾಕಿದೆವು, 98 ತೋರಿಸಿತು. ಸಮಾಧಾನ ಆಯಿತು, ಅರ್ಧ ಗಂಟೆ ಸುಮ್ನೆ ಕೂತೆವು. ಆ ಸಮಾಧಾನ ಸುಳ್ಳು. ಬೆರಳಿಗೆ ಹಾಕುವ ಆ ಯಂತ್ರಕ್ಕೆ ಆಮ್ಲಜನಕಕ್ಕೂ ಕಾರ್ಬನ್ ಮಾನಾಕ್ಸೈಡ್‌ಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡನ್ನೂ ಸೇರಿಸಿ ಚೆನ್ನಾಗಿದೆ ಎಂದು ತೋರಿಸುತ್ತದೆ.

ಆಸ್ಪತ್ರೆಯಲ್ಲಿ ಮೊದಲು ನೋಡಿದ ಡಾಕ್ಟರು ಮೂರ್ಛೆರೋಗ (ಫಿಟ್ಸ್) ಇರಬಹುದು ಎಂದರು. ಅವರನ್ನು ದೂರುವ ಹಾಗೂ ಇಲ್ಲ. ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಮೂರ್ಛೆ ದಕ್ಷಿಣ ಕರ್ನಾಟಕದಲ್ಲಿ ಬಹಳ ಕಾಣುವ ಕಾಯಿಲೆ, ನಿಮ್ಹಾನ್ಸ್‌ನ ವೈದ್ಯರು ವರ್ಷಗಟ್ಟಲೆ ಅದನ್ನು ಅಧ್ಯಯನ ಮಾಡಿದ್ದಾರೆ. ಸ್ನಾನದ ಹೊತ್ತಲ್ಲಿ ಎಚ್ಚರ ತಪ್ಪಿತು ಅಂದರೆ ನಮ್ಮ ಕಡೆ ಅದೇ ಮೊದಲು ನೆನಪಾಗುವುದು ಸಹಜ. ಆಮೇಲೆ ಬಂದ ಇನ್ನೊಬ್ಬ ಡಾಕ್ಟರು ಫೈಲ್ ನೋಡುವ ಮೊದಲು ನನ್ನನ್ನೇ ನೋಡಿ ಕೇಳಿದರು: "ಮನೇಲಿ ಗೀಸರ್ ಯಾವುದು?" ಗ್ಯಾಸ್ ಎಂದೆ. ಬಾತ್‌ರೂಮ್ ಒಳಗಾ ಎಂದರು. ಹೌದು ಎಂದೆ. ಅಲ್ಲೇ ನಿಂತು ಆಕ್ಸಿಜನ್ ಮಾಸ್ಕ್ ಹಾಕಿಸಿದರು, ರಕ್ತದ ಪರೀಕ್ಷೆಗೆ ಬರೆದರು.

ಆದ್ದರಿಂದ ಕ್ಯಾಶುವಾಲಿಟಿಯ ಬಾಗಿಲಲ್ಲೇ, ಹೆಸರು ವಯಸ್ಸು ಹೇಳುವ ಮೊದಲೇ ಹೇಳಿ: "ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಉರೀತಿತ್ತು."